ನೋಡಬಾರದ ದೀಪ

ಒಸ್ತ್ರಾವಾ, ಎರಡನೇ ಮಹಡಿ.
ಮೂರು ವಾರದಿಂದ ತೊಟ್ಟಿಯ ತುಂಬ
ಸೊಪ್ಪು ಬಸಿದ ನೀರು.
ಮೀನಿದೆಯೆಂದು ನಂಬಬೇಕು, ಅಷ್ಟೇ;
ಒಮ್ಮೊಮ್ಮೆ ಒಂದು ಬಾಲ ಗಾಜಿಗೆ ಬಂದು
ಸಾಕ್ಷಿ ಹೇಳಿ ಹೋಗುತ್ತದೆ.

ಓತಾ ಯುವಿ ದೀಪ ತಂದ.
ಐದು ಸಾಲದು, ಮೂವತ್ತಾರು ದುಂದು, ಹನ್ನೊಂದಿರಲಿ ಅಂತ
ಅಂಗಡಿಯ ಹುಡುಗಿಯ ಜೊತೆ ಅರ್ಧ ಗಂಟೆ ಚೌಕಾಸಿ
ಬೆಲೆಗಲ್ಲ, ವ್ಯಾಟಿಗೆ.

ಫಿಲ್ಟರ್ ದಾಟಿದ ಮೇಲೆ ಇದರ ಸರದಿ,
ನೀರು ನಿಧಾನ ಹರಿಯಬೇಕು,
ಓಡಿದರೆ ಪಾಚಿ ಬದುಕಿಬಿಡುತ್ತೆ
ಅನ್ನುತ್ತ ಪೈಪು ಬಿಗಿದ.
'ಒಳಗೆ ಇಣುಕಬೇಡ, ಕಣ್ಣು ಸುಡುತ್ತೆ.'

ಇಪ್ಪತ್ತಾರು ವರ್ಷ ಹಣೆಗೆ ದೀಪ ಕಟ್ಟಿ
ಕಲ್ಲಿದ್ದಲ ಗಣಿಗಿಳಿದವನು
ಈಗ ದೀಪಕ್ಕೇ ಕಪ್ಪು ಕೊಳವೆ ತೊಡಿಸುತ್ತಿದ್ದಾನೆ.

ಐದನೇ ದಿನ ಬೆಳಿಗ್ಗೆ
ಬೀದಿಯ ಟ್ರಾಮು ತೊಟ್ಟಿಯೊಳಗಿಂದಲೇ ಹಾದುಹೋಯಿತು.
ಏಳು ಮೀನು.
ನಾನು ಒಂಬತ್ತು ಅಂದುಕೊಂಡಿದ್ದೆ.

ಗಾಜಿಗೆ ಅಂಟಿದ ಪಾಚಿ ಮಾತ್ರ ಹಾಗೇ ಇದೆ.
ತೇಲಿಬಂದದ್ದನ್ನಷ್ಟೇ ಸುಡುತ್ತದಂತೆ ಇದು;
ಹಿಡಿದು ಕೂತದ್ದಕ್ಕೆ ಕೈಯೇ ಬೇಕು.
ಸ್ಪಂಜು ನನ್ನ ಕೈಗಿಟ್ಟು
ಬರುವ ವರ್ಷದ ಕ್ಯಾಲೆಂಡರಿನಲ್ಲಿ
ಮಾರ್ಚಿಗೊಂದು ಗುಂಡು ಸುತ್ತಿದ:
'ಆಗ ಬಲ್ಬು ಬದಲಿಸಬೇಕು, ದ್ರಾಹೋಮೀರಾ.
ಉರಿಯುತ್ತಲೇ ಇರುತ್ತೆ. ಕಸುವಿರೋಲ್ಲ.'