ಮೂರನೆಯ ಸಂಪುಟ

ಪಾಲಿಬೆಟ್ಟದ ಕಡೆಯ ಒಂದು ಕ್ಲಬ್ಬು ಹಳೇ ಬೀರು ಖಾಲಿ ಮಾಡಿದಾಗ
ಸಿದ್ದಾಪುರದ ಮೊಯ್ದು ಕಾಕ
ಗೆದ್ದಲು ಬಿಟ್ಟದ್ದನ್ನು ತೂಕಕ್ಕೆ ಕೊಂಡ.
ಅವನ ಬಾಡಿಗೆ ಲೈಬ್ರರಿಯಲ್ಲಿ, ದಿನಕ್ಕೆ ಹತ್ತು ಪೈಸೆ,
ಪತ್ತೇದಾರಿ ಒಂದು ಹಲಗೆ, ಸಾಂಸಾರಿಕ ಮೂರು ಹಲಗೆ;
ಇಂಗ್ಲಿಷಿನ ಈ ಎರಡಕ್ಕೆ ಜಾಗವಿರಲಿಲ್ಲ.
"ನೀನೇ ಒಯ್ಯಿ ಬೊಳ್ಳವ್ವ, ಬಾಡಿಗೆ ಬೇಡ.
ಮೂರನೇದು ಸಿಕ್ಕಿಲ್ಲ."

ಬೊಳ್ಳವ್ವ ನನಗೆ ಬಲ್ಯವ್ವ, ಅಮ್ಮನ ಅಕ್ಕ.
ಕಾಫಿ ಕ್ಯೂರಿಂಗಿನಲ್ಲಿ ತೂಕ ಬರೆಯುವ ಕೆಲಸ.
ಎಂಟನೆಯವರೆಗಿನ ಕಾನ್ವೆಂಟ್ ಇಂಗ್ಲಿಷು,
ಮಿಕ್ಕದ್ದಕ್ಕೆ ಹೊಲಿಗೆ ಬಿಚ್ಚಿದ ನಿಘಂಟು.

ಮೊದಲ ಪುಟದಲ್ಲಿ ಬರೆದವಳ ಹೆಸರಿಲ್ಲ.
'ಒಬ್ಬ ಮಹಿಳೆ' ಎಂದಷ್ಟೇ.
ಕೆಳಗೆ ಲಂಡನ್ನು, ಇರುವೆ ಸಾಲಿನಂಥ ರೋಮನ್ ಅಂಕಿ.
ಬೆರಳು ಮಡಚಿ ಎಣಿಸಿದಳು: ಸಾವಿರದ ಎಂಟುನೂರ ಏಳು.
ಒಳರಟ್ಟಿಗೆ ಅಂಟಿಸಿದ ಚೀಟಿ:
ಪುಟ ಮಡಚಬಾರದು, ಮೇಣದಬತ್ತಿಯ ಹತ್ತಿರ ಹಿಡಿಯಬಾರದು,
ತಡವಾದರೆ ದಂಡ.
ಮೊಯ್ದು ಕಾಕನಿಗೆ ಓದಿ ಹೇಳಿದರೆ ಹೊಟ್ಟೆ ಹಿಡಿದು ನಕ್ಕ:
"ನೂರೆಪ್ಪತ್ತು ವರ್ಷದ ಹಿಂದೆಯೂ ನನ್ನಂಥ ಒಬ್ಬ ಪಾಪ ಇದ್ದ!"

ತಬ್ಬಲಿ ಹುಡುಗಿ, ಪಾಳು ಕೋಟೆ,
ರಾತ್ರಿ ಮಾತ್ರ ಕೆಮ್ಮುವ ಬೀಗದ ಕೋಣೆ.
ಕಾಫಿಬೀಜ ಆರಿಸುವ ಹೆಂಗಸರಿಗೆ
ಬಲ್ಯವ್ವ ದಿನಕ್ಕೊಂದು ಅಧ್ಯಾಯ ಹೇಳಿದಳು, ಕನ್ನಡದಲ್ಲಿ,
ಪಾಪಾತಿಗೆ ತಿಳಿಯಲೆಂದು ನಡುನಡುವೆ ತಮಿಳಿನಲ್ಲಿ.
ಕಪ್ಪು ಬೀಜ ಒಂದು ಕಡೆ, ಒಡಕು ಬೀಜ ಒಂದು ಕಡೆ,
ಕೈಗಳು ತಮ್ಮ ಪಾಡಿಗೆ; ಕಿವಿಗಳು ಕೋಟೆಯಲ್ಲಿ.
ಮೇಸ್ತ್ರಿ ಬಂದರೆ ಹುಡುಗಿ ತಟ್ಟನೆ ಬಾಯಿ ಮುಚ್ಚುವಳು.

ಎರಡನೆಯದರ ಕೊನೆಗೆ ಬಾಗಿಲು ಬಡಿದ ಸದ್ದು.
ಇಂಡಿಯಾದಿಂದ ಬಂದ ಚಿಕ್ಕಪ್ಪ, ಬೆನ್ನಹಿಂದೆ ಒಂದು ಪೆಟ್ಟಿಗೆ.
ಅಲ್ಲಿಗೆ ಮುಗಿಯಿತು.
"ಮುಂದೆ?" ಎಂದಳು ಖತೀಜ.
"ಮುಂದಿಲ್ಲ."
"ಹಾಗೆಂದರೇನು, ನಾಳೆ ಹೇಳು."

ಹೀಗೆ ಶುರುವಾಯಿತು ಬಲ್ಯವ್ವನ ಬರವಣಿಗೆ,
ಹಳೇ ಚೆಕ್‌ರೋಲ್ ಪುಸ್ತಕದ ಹಿಂಬದಿಯಲ್ಲಿ.
ಅಡುಗೆ ಬರದವನನ್ನು ಹುಡುಗಿ ಮದುವೆಯಾಗಕೂಡದೆಂದು ಮುತ್ತಿ ಹಟ ಹಿಡಿದದ್ದಕ್ಕೆ
ನಾಯಕ ಒಂದಿಡೀ ಅಧ್ಯಾಯ ಗಂಜಿ ಸೀಯಿಸಿದ.

ಮೈಸೂರಿನ ಪ್ರಕಾಶಕರಿಂದ ಕಾಗದ ಬಂತು:
ಕತೆ ನಡುವಿನಿಂದ ಶುರುವಾಗಿದೆ, ಇರಲಿ, ಹೊಸತಾಗಿದೆ.
ಕೊನೆಗೆ ಮದುವೆ ಬೇಕು, ನಾವೇ ಸೇರಿಸಿಕೊಳ್ಳುತ್ತೇವೆ.
ಬೊಳ್ಳವ್ವ ಎಂಬ ಹೆಸರು ಮಾರುವುದಿಲ್ಲ;
'ಸೌದಾಮಿನಿ' ಎಂದು ಹಾಕಿದ್ದೇವೆ.
ಎಂಬತ್ತೈದು ರೂಪಾಯಿ ಮನಿಯಾರ್ಡರು, ಆರು ಪ್ರತಿ,
ಹಕ್ಕೆಲ್ಲ ಪ್ರಕಾಶಕರದು.
ಬಲ್ಯವ್ವ ಸಹಿ ಹಾಕಿದಳು. ಯಾವ ಹೆಸರಲ್ಲಿ ಎಂದು ಅಂಚೆಯವ ಕೇಳಿದನಂತೆ.

ಪಾಪಾತಿ ಮಗನಿಂದ ಓದಿಸಿಕೊಂಡು
ಮರುದಿನವೇ ಮೊಯ್ದು ಕಾಕನ ಅಂಗಡಿಗೆ ಬಂದು ಜಗಳ ತೆಗೆದಳು:
"ಇದಲ್ಲ ನಮಗೆ ಹೇಳಿದ್ದು. ಹತ್ತು ಪೈಸೆ ವಾಪಸ್ ಕೊಡು."
ಕೊಟ್ಟನಂತೆ. ಆ ವ್ಯಾಪಾರದಲ್ಲಿ ಅದೊಂದೇ ಸಲ.

ಹೋದ ಚಳಿಗಾಲ ನನ್ನ ಫೋನಿನ ತೆರೆಯ ಮೇಲೆ
ಎಲ್ಲಿಯದೋ ಗ್ರಂಥಾಲಯದ ಕಲೆಬಿದ್ದ ಪುಟಗಳಲ್ಲಿ
ನಿಜವಾದ ಮೂರನೆಯದು ಸಿಕ್ಕಿತು.
ಚಿಕ್ಕಪ್ಪ ಪೆಟ್ಟಿಗೆ ತೆರೆಯುತ್ತಾನೆ. ಸಾಲ ತೀರುತ್ತದೆ, ಕೋಟೆಗೆ ಸುಣ್ಣ ಬೀಳುತ್ತದೆ,
ಇನ್ನೂರ ಹನ್ನೆರಡನೆಯ ಪುಟದಲ್ಲಿ ಮದುವೆ.
ಆ ಮಹಿಳೆಗೂ ಯಾರಾದರೂ ಕಾಗದ ಬರೆದಿದ್ದರೋ ಏನೋ,
ಕೊನೆಗೆ ಮದುವೆ ಬೇಕು ಅಂತ.

ಚೆಕ್‌ರೋಲ್ ನನ್ನ ಹತ್ತಿರವೇ ಇದೆ.
ಅದರಲ್ಲಿ ಪೆಟ್ಟಿಗೆ ತೆರೆಯುವ ಮೊದಲೇ ಹುಡುಗಿ ಕೇಳುತ್ತಾಳೆ:
"ಹಡಗಿನವರೆಗೆ ಇದನ್ನು ಹೊತ್ತವರು ಯಾರು ಚಿಕ್ಕಪ್ಪ?
ಅವರಿಗೆ ಕೂಲಿ ಎಷ್ಟು?"
ಚಿಕ್ಕಪ್ಪ ನೀರು ಕೇಳುತ್ತಾನೆ.
ತೆಳು ಕಾಗದ, ಆ ಕಾಲದ ಶಾಯಿ;
ಆ ಸಾಲಿನ ಅಡಿಯಿಂದ, ಆಚೆ ಬದಿಯದು,
ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಮೂಡಿದೆ:
ಪಾಪಾತಿ, ಅರ್ಧ ದಿನ.