ಮಂಗಳವಾರ, ಹಲಸೂರು ಕೆರೆ

ಅಂಡಮಾನ್ ಪ್ಯಾಕೇಜಿನ ಕಾಗದ
ಜುಲೇಖಾಳ ವ್ಯಾನಿಟಿ ಬ್ಯಾಗಿನಲ್ಲಿ ಮಡಿಕೆ ಸವೆದು
ನಾಲ್ಕು ಚೂರಾಗಿದೆ.
"ಇಲ್ಲೇ ಒಂದು ದ್ವೀಪ ಐತೆ, ಬಾರೇ" ಅಂದಳು.
ನನಗೂ ವಾರದ ರಜೆ.

ಹತ್ತೂವರೆ ಬಿಸಿಲು. ಲೈಫ್ ಜಾಕೆಟ್ಟಿನಲ್ಲಿ
ಯಾರದೋ ನಿನ್ನೆಯ ಬೆವರು.
ದಿನಕ್ಕೆ ಏಳುನೂರು ಟಿಕೆಟ್ ಹರಿದು ಕೊಡುವ ಕೈಗೆ
ಇವತ್ತು ಒಂದೇ ಒಂದು; ಎಲ್ಲಿಡಲಿ ಗೊತ್ತಾಗದೆ
ಬೆರಳ ಸಂದಿಗೇ ಸಿಕ್ಕಿಸಿಕೊಂಡೆ.

ದೋಣಿ ಹೊರಟಿತು.
ಯಾರೂ ವಿಷಲ್ ಹಾಕಲಿಲ್ಲ.

ದ್ವೀಪ ಅಂದರೆ ಒಂದು ಹಿಡಿ ಮರ,
ಕೊಕ್ಕರೆ ಹಿಕ್ಕೆಗೆ ಬೆಳ್ಳಗಾದ ಕೊಂಬೆ,
ಬೇರಿಗೆ ಸಿಕ್ಕ ಎಡಗಾಲಿನ ಹವಾಯಿ ಚಪ್ಪಲಿ.
ನೀರುಕಾಗೆಯೊಂದು ರೆಕ್ಕೆ ಹರವಿ ಕೂತಿತ್ತು
ತಾರಸಿಯ ಮೇಲೆ ಸೀರೆ ಒಣಹಾಕಿದ ಹಾಗೆ,
ಇನ್ನೇನೂ ಕೆಲಸವಿಲ್ಲದೆ.
ದಡದ ಹಾರನ್ನುಗಳು
ಪಕ್ಕದ ಬೀದಿಯ ಜಗಳದಷ್ಟು ದೂರ.

ಜುಲೇಖಾ ಕಡಲೆಕಾಯಿ ಬಿಡಿಸಿದಳು,
ಸಿಪ್ಪೆ ನೀರಿಗೆ ಹಾಕದೆ ದುಪಟ್ಟಾದ ತುದಿಗೆ ಕಟ್ಟಿಕೊಂಡಳು.
"ಅಲ್ಲಿ ನೀರು ನೀಲಿಯಂತೆ."
"ಇದು ಹಸಿರು" ಅಂದೆ. "ಇರಲಿ ಬಿಡು" ಅಂದಳು.

"ಅಣ್ಣಾ, ಒಂಚೂರು ಇಳಿದು ನೋಡಬಹುದಾ?"
ನಾನೇ ಕೇಳಿದ್ದು.
ದೋಣಿಯವನು ಮುಖ ತಿರುಗಿಸದೆ ಹೇಳಿದ:
"ಇಲ್ಲಿ ಸ್ಟಾಪ್ ಇಲ್ಲಮ್ಮಾ."

ಹನ್ನೊಂದು ವರ್ಷ ನಾನು ಹೇಳಿದ ಮಾತು,
ಅದೇ ರಾಗದಲ್ಲಿ.
ಎಷ್ಟು ಜನ ಬಾಗಿಲ ಕಂಬಿ ಹಿಡಿದು, ಚೀಲ ಅವುಚಿ,
ತಮ್ಮ ಬೀದಿ ಹಿಂದೆ ಸರಿಯುವುದನ್ನು
ಹೀಗೇ ಕತ್ತು ತಿರುಗಿಸಿ ನೋಡಿದ್ದರೋ.

ನೀರುಕಾಗೆ ರೆಕ್ಕೆ ಮಡಚಿತು.

"ಇನ್ನೊಂದು ಸುತ್ತು?" ಅಂದಳು ಜುಲೇಖಾ.
ದೋಣಿಯವನು ಚಿಲ್ಲರೆ ಕೇಳಿದ.
ನನ್ನ ಹತ್ತಿರ ಇತ್ತು.
ಮೊದಲ ಸಲ, ಇದೆ ಅಂದೆ.