ಹಾಳೆಯ ಹಿಂಬದಿ

ಮೇಡಂ, ಇಪ್ಪತ್ತೆರಡು ಪ್ರಶ್ನೆಗಳಿಗೆ
ಇಪ್ಪತ್ತೊಂದು ಗುರುತು ಹಾಕಿದ್ದೇನೆ.
ಹೆಸರು ಬೇಡ ಅಂದಿದ್ದಿರಿ, ಬರೆದಿಲ್ಲ.
ಬಿ.ಕಾಂ. ಎರಡನೇ ವರ್ಷ, ಗಂಡು,
ಮನೆ ಮಂಡಕ್ಕಿ ಭಟ್ಟಿ, ದಾವಣಗೆರೆ.

ಹನ್ನೊಂದನೆಯದು ಖಾಲಿ ಇದೆ.
‘ಫೋನು ಜೊತೆಗಿಲ್ಲದಾಗ ಚಡಪಡಿಕೆ ಆಗುತ್ತದೆಯೇ?
ಎಂದೂ ಇಲ್ಲ, ಅಪರೂಪಕ್ಕೆ, ಕೆಲವೊಮ್ಮೆ, ಆಗಾಗ, ಯಾವಾಗಲೂ.’
ಐದು ಚೌಕ. ನನ್ನದು ಯಾವುದರಲ್ಲೂ ಕೂರಲಿಲ್ಲ,
ಅದಕ್ಕೇ ಹಾಳೆ ತಿರುವಿದೆ.

ಮೊನ್ನೆ ಫೋನು ಸಾರಿನಲ್ಲಿ ಬಿತ್ತು.
(ಉಣ್ಣುವಾಗಲೂ ನೋಡುತ್ತೀರಾ ಎಂಬ
ನಾಲ್ಕನೇ ಪ್ರಶ್ನೆಗೆ ಇದೇ ಸಾಕ್ಷಿ.)
ಅಶೋಕ ರಸ್ತೆಯ ಅಂಗಡಿಯವನು ಬಿಚ್ಚಿ, ಮೂಸಿ,
‘ಒಗ್ಗರಣೆ ಚೆನ್ನಾಗೈತಿ, ಮೂರು ದಿನ ಬಿಟ್ಟು ಬಾ’ ಅಂದ.

ಮೂರು ದಿನವೂ ತೊಡೆ ನಡುಗಿತು, ಮೇಡಂ.
ಜೇಬಿನಲ್ಲಿ ಬಸ್ ಪಾಸು, ಒಂದು ಬಾಚಣಿಗೆ, ಅಷ್ಟೇ.
ಆದರೂ ಗುಂಯ್ ಅಂತು.
ಕೈ ಹೋಯಿತು, ಬಾಚಣಿಗೆ ತೆಗೆದು
ಯಾರು ಅಂತ ನೋಡಿತು.
ಬಸ್ ಸ್ಟಾಪಿನ ಹುಡುಗಿಯರು ನಕ್ಕರು. ನಾನು ತಲೆ ಬಾಚಿಕೊಂಡೆ.
ಫೋನು ಇದ್ದಾಗಲೂ ಯಾರೂ ಕರೆಯುತ್ತಿರಲಿಲ್ಲ ಅನ್ನುವುದು
ಎರಡನೇ ಸಲ ಬಾಚುವಾಗ ಹೊಳೆಯಿತು.

ಅಬ್ಬ ಭಟ್ಟಿಯಲ್ಲಿ ಮರಳು ಕಾಯಿಸುತ್ತಾನೆ.
ಅಕ್ಕಿ ಸುರಿದ ಮೇಲೆ ಒಂದು ಉಸಿರು ಏನೂ ಆಗುವುದಿಲ್ಲ.
ಆಮೇಲೆ ಎಲ್ಲೋ ಒಂದು ಕಾಳು,
ಚಟ್.
ಚಿಕ್ಕವನಿದ್ದಾಗ ಆ ಮೊದಲ ಕಾಳಿಗೆ ಕಾಯುತ್ತ
ಹೊಗೆಯಲ್ಲಿ ಕಣ್ಣು ಕೆಂಪಾಗುವವರೆಗೂ ಕೂರುತ್ತಿದ್ದೆ.
ಈಗಲೂ ಕೂರುವುದು ಅದಕ್ಕೇ:
ಪರದೆಯನ್ನು ಕೆಳಗೆಳೆದು ಬಿಟ್ಟು,
ಸುತ್ತುವ ಗೆರೆ ನಿಲ್ಲುವ ತನಕದ ಆ ಒಂದು ಉಸಿರು.
ಪ್ರತಿ ಸಲ ಸಿಡಿದಿದ್ದರೆ ನೋಡುತ್ತಿರಲಿಲ್ಲ,
ಎಂದೂ ಸಿಡಿಯದಿದ್ದರೂ ನೋಡುತ್ತಿರಲಿಲ್ಲ.
ನಿಮ್ಮ ಪುಸ್ತಕದಲ್ಲಿ ಇದಕ್ಕೊಂದು ಹೆಸರಿದ್ದೀತು.
ಅಬ್ಬ ಹದ ಅನ್ನುತ್ತಾನೆ.

ಕ್ಲಾಸಿನಲ್ಲಿ ನಾನು ನಲವತ್ತೇಳು.
ಸರ್ ಕೇಳಿದ್ದಕ್ಕೆ ಉತ್ತರ ಮನೆಮಾತಿನಲ್ಲಿ ಹುಟ್ಟಿ,
ಕನ್ನಡ ದಾಟಿ, ಇಂಗ್ಲಿಷಿನ ಬಾಗಿಲಲ್ಲಿ
ಚಪ್ಪಲಿ ಬಿಡುತ್ತಿರುವಾಗಲೇ
ನಲವತ್ತೆಂಟು ಎದ್ದು ಹೇಳಿ ಕೂತಿರುತ್ತಾನೆ.
ಆಗ ಡೆಸ್ಕಿನ ಕೆಳಗೆ ಹೆಬ್ಬೆರಳು ತಾನೇ ಇಳಿಯುತ್ತದೆ.
ಅಲ್ಲಿ ಯಾರೂ ಸ್ಟ್ಯಾಂಡಪ್ ಅನ್ನುವುದಿಲ್ಲ.

ಕೊಂಡಜ್ಜಿಗೆ ಹೋಗುವ ಮಾತು ಗುಂಪಿನಲ್ಲಿ
ರಾತ್ರಿ ಒಂದೂವರೆಗೆ ನಡೆದು ಮುಗಿದಿತ್ತು.
ಬೇಕಂತ ಬಿಟ್ಟಿದ್ದಲ್ಲ ಕಣೋ, ನೀನು ಮಲಗಿದ್ದೆ, ಅಂದರು.
ಅವತ್ತಿನಿಂದ ಒಂದೂವರೆಗೆ ಎಚ್ಚರ.

ಮೂರನೇ ರಾತ್ರಿ ಕರೆಂಟ್ ಇರಲಿಲ್ಲ.
ಅಬ್ಬ ಬಂದು ಪಕ್ಕದಲ್ಲಿ ಕೂತ, ಮೈಯೆಲ್ಲ ಹೊಟ್ಟಿನ ವಾಸನೆ.
‘ಏನು ಓದ್ತೀಯ ಅಲ್ಲಿ?’
ಎರಡು ವರ್ಷದಲ್ಲಿ ಮೊದಲ ಸಲ.
ಕಾಸ್ಟಿಂಗ್ ಅಂದೆ. ಅಂದರೆ ಖರ್ಚಿನ ಲೆಕ್ಕ.
‘ಹಂಗಾದ್ರೆ ಒಂದು ಚೀಲ ಮಂಡಕ್ಕಿಗೆ ಎಷ್ಟು ಬೀಳ್ತದೆ, ಹೇಳು.’
ಭತ್ತ, ಉಪ್ಪು, ಹೊಟ್ಟು, ಕೂಲಿ, ಚೆಲ್ಲಿದ್ದು.
ಕತ್ತಲಲ್ಲಿ ಬಾಯಿಲೆಕ್ಕ ಹಾಕಿದೆ,
ಯಾವ ಬಾಗಿಲಲ್ಲೂ ಚಪ್ಪಲಿ ಬಿಡದೆ.
ಅಬ್ಬ ತಲೆಯಾಡಿಸಿದ:
‘ಕೂಲಿ ಕಮ್ಮಿ ಹಾಕಿದೀಯಾ. ಸಾಹುಕಾರನೂ ಹಿಂಗೇ ಹಾಕೋದು.’
ಇಬ್ಬರೂ ನಕ್ಕೆವು.

ಇಲ್ಲಿಗೇ ನಿಲ್ಲಿಸಿದ್ದರೆ ನಿಮ್ಮ ವರದಿಗೆ ಚೆಂದ ಇರುತ್ತಿತ್ತು.
ಮರುದಿನ ಫೋನು ಬಂತು.
ಮೂರು ದಿನಕ್ಕೆ ಒಂದೇ ಸಂದೇಶ:
ನಿಮ್ಮ ರೀಚಾರ್ಜ್ ಮುಗಿಯುತ್ತಿದೆ.
ಆದರೂ ಎರಡು ಗಂಟೆವರೆಗೆ ನೋಡಿದೆ,
ಇನ್ನೂ ಸಾರಿನ ವಾಸನೆಯಿತ್ತು.
ನಡುವೆ ಅಬ್ಬ ಏನೋ ಕೇಳಿದ.
ಹ್ಞೂಂ ಅಂದೆ.
ಏನು ಕೇಳಿದ ಅಂತ ಈಗ ಕೇಳಲಾರೆ.

ಹನ್ನೊಂದಕ್ಕೆ ಯಾವುದಾದರೊಂದು ಚೌಕ
ನೀವೇ ತುಂಬಿಕೊಳ್ಳಿ.
ಕೊನೆಯಲ್ಲಿ ನಿಮ್ಮ ನಂಬರು ಕೊಟ್ಟಿದ್ದೀರಿ,
ಸಂದೇಹವಿದ್ದರೆ ಸಂಪರ್ಕಿಸಿ ಅಂತ.
ಸಂದೇಹ ಏನೂ ಇಲ್ಲ, ಮೇಡಂ.
ಸೇವ್ ಮಾಡಿಕೊಂಡಿದ್ದೇನೆ.